ಹುಳು ಬೀಳದ ಜೋಳದ ಹಿಂದೆ

ಇಳಕಲ್ಲ, ಹುನಗುಂದದ ಸಂತೆಯಲ್ಲಿ ಜೋಳ, ಕಡಲೆ, ಒಣಮೆಣಸಿನಕಾಯಿ ಕೊಳ್ಳುವಾಗ ನೀವು ಬಣ್ಣ ನೋಡುತ್ತೀರಿ, ಹುಳು ಬಿದ್ದಿದೆಯೇ ಎಂದು ನೋಡುತ್ತೀರಿ. ಹುಳು ಏಕೆ ಬಿದ್ದಿಲ್ಲವೆಂದು ಎಂದಾದರೂ ಕೇಳಿದ್ದೀರಾ?

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಗಾಳಿಯಾಡದ ಆ ನೆಲಗುಳಿಯಲ್ಲಿ ಹುಳುಗಳು ಉಸಿರುಕಟ್ಟಿ ಸಾಯುತ್ತಿದ್ದವು. ಇಂದಿನ ಗೋದಾಮುಗಳಲ್ಲಿ ಆ ಕೆಲಸವನ್ನು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಮಾಡುತ್ತದೆ. ತೇವ ತಗುಲಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ನಂತರ ಚೀಲಗಳಿಗೆ ಚೆನ್ನಾಗಿ ಗಾಳಿಯಾಡಿಸಿದರೆ ಅನಿಲ ಹಾರಿಹೋಗುತ್ತದೆ. ಮಾರಾಟದ ಅವಸರದಲ್ಲಿ ಅದನ್ನು ಬಿಟ್ಟರೆ ಅಂಶ ಉಳಿಯಬಹುದು. ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗದ ಮಿತಿ ಏಕದಳ ಧಾನ್ಯದಲ್ಲಿ ಕಿಲೋಗೆ 0.1 ಮಿಲಿಗ್ರಾಂ, ಒಣಹಣ್ಣು ಮತ್ತು ಸಾಂಬಾರ ಪದಾರ್ಥಗಳಲ್ಲಿ 0.01 ಮಿಲಿಗ್ರಾಂ ಮಾತ್ರ. ಇಷ್ಟು ಸೂಕ್ಷ್ಮ ಪ್ರಮಾಣ ಮೂಗಿಗೂ ನಾಲಿಗೆಗೂ ತಿಳಿಯದು. ಪರೀಕ್ಷೆಯೊಂದೇ ದಾರಿ.

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಅಧಿಕಾರಿಗಳು ಭಾರತದ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಮತ್ತೊಂದು ಧೂಪನ ಅನಿಲದ ಅಂಶವಿದೆ ಎಂಬ ಕಾರಣಕ್ಕೆ ಅವುಗಳ ಮಾರಾಟ ತಡೆದರು. ಹೊರದೇಶದವರ ಊಟಕ್ಕಿರುವ ಆ ತಪಾಸಣೆ ಬಾಗಲಕೋಟೆ, ಬಾದಾಮಿಯ ರೊಟ್ಟಿಗೆ ಬೇಡವೇ?

ದುಬಾರಿ ಯಂತ್ರ ಪ್ರತಿ ಊರಿಗೂ ಬರಲಾರದು, ನಿಜ. ಆದರೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದ ಕಾಗದ ಫಾಸ್ಫೀನ್ ತಗುಲಿದರೆ ಕಪ್ಪಾಗುತ್ತದೆ. ವಿಷಸೇವನೆಯ ರೋಗಿಗಳಲ್ಲಿ ವೈದ್ಯರು ಇದನ್ನೇ ಬಳಸುವುದುಂಟು. ಬೇರೆ ಕೆಲವು ಅನಿಲಗಳಿಗೂ ಅದು ಕಪ್ಪಾಗುವುದರಿಂದ ಅಂತಿಮ ತೀರ್ಪು ಪ್ರಯೋಗಾಲಯದ್ದೇ ಆಗಬೇಕು. ಆದರೂ ಗೋದಾಮಿನಿಂದ ಚೀಲ ಹೊರಡುವ ಮೊದಲು ಇಂಥ ಪ್ರಾಥಮಿಕ ತಪಾಸಣೆ, ಸಂಶಯ ಬಂದ ಮಾಲು ಪ್ರಯೋಗಾಲಯಕ್ಕೆ ಎಂಬ ಪದ್ಧತಿ ಮಾರುಕಟ್ಟೆಗಳಲ್ಲಿ ಬರಬೇಕೆಂಬುದು ನನ್ನ ಅಭಿಪ್ರಾಯ.

ನಿಮಗೂ ಒಂದು ಹಕ್ಕಿದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮಿನಂತೆ, ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಿ, ಶುಲ್ಕ ಕಟ್ಟಿ ನೀವೇ ಪದಾರ್ಥದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ಮರಳಿ ಸಿಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಮನೆಯ ಜೋಳದ ಚೀಲಕ್ಕೆ ಈ ಗುಳಿಗೆಯನ್ನು ಎಂದಿಗೂ ಹಾಕಬೇಡಿ. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ; ಮುಚ್ಚಿದ ಕೋಣೆಯಲ್ಲಿ ಮಲಗಿದವರ ಜೀವಕ್ಕೇ ಅಪಾಯ. ಚೀಲದಿಂದ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬಂದರೆ, ಕಾಳಿನ ನಡುವೆ ಬೂದುಬಣ್ಣದ ಪುಡಿ ಕಂಡರೆ ಉಪಯೋಗಿಸಬೇಡಿ. ವಾಸನೆಯಿಲ್ಲವೆಂದು ಅಪಾಯವಿಲ್ಲವೆಂದೂ ತಿಳಿಯಬೇಡಿ. ವಾಂತಿ, ಎದೆಬಿಗಿತ, ಉಸಿರಾಟದ ತೊಂದರೆ ಕಂಡರೆ ರೋಗಿಯನ್ನು ಬಯಲಿಗೆ ತಂದು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮನೆಯ ಕಾಳಿಗೆ ಚೆನ್ನಾದ ಬಿಸಿಲು, ಒಣ ಡಬ್ಬಿ, ಭದ್ರವಾದ ಮುಚ್ಚಳ ಸಾಕು.