ಬಿಳಿ ಮಚ್ಚೆ ಹಿಗ್ಗಿದರೆ ಗೆಡ್ಡೆ ಬೆಳೆಯಿತೆಂದೇ ಅರ್ಥವೇ?

ಮೆದುಳಿನ ಗೆಡ್ಡೆಗೆ ಚಿಕಿತ್ಸೆ ಪಡೆದವರ ಎಂಆರ್‌ಐಯಲ್ಲಿ ಬಿಳಿ ಮಚ್ಚೆ ದೊಡ್ಡದಾಗಿದೆ ಎಂದ ಕೂಡಲೇ ಮನೆಯವರು 'ಔಷಧಿ ಹಿಡಿಯಲಿಲ್ಲ' ಎಂದು ಕೈಚೆಲ್ಲುತ್ತಾರೆ. ಈ ಅವಸರ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಗ್ಲಿಯೋಬ್ಲಾಸ್ಟೋಮ ಎಂಬ ಗೆಡ್ಡೆಗೆ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಆರು ವಾರ ವಿಕಿರಣ, ಜೊತೆಗೆ ಟೆಮೊಜೊಲೊಮೈಡ್ ಕೊಡುತ್ತಾರೆ. ಸ್ಕ್ಯಾನಿನ ವೇಳೆ ಗ್ಯಾಡೊಲಿನಿಯಂ ಇರುವ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಆರೋಗ್ಯವಂತ ಮೆದುಳಿನ ನಾಳ ಅದನ್ನು ಹೊರಗೆ ಬಿಡುವುದಿಲ್ಲ. ಗೆಡ್ಡೆಯಿರುವ ಕಡೆ ಅದು ಸೋರಿ ಬಿಳಿಯಾಗಿ ಕಾಣುತ್ತದೆ. ತೊಡಕು ಏನೆಂದರೆ, ವಿಕಿರಣದಿಂದ ಪೆಟ್ಟು ತಿಂದ ನಾಳವೂ ಹಾಗೆಯೇ ಸೋರುತ್ತದೆ. ಮಚ್ಚೆ ಹೇಳುವುದು 'ಇಲ್ಲಿ ಸೋರುತ್ತಿದೆ' ಎಂದಷ್ಟೇ, ಯಾಕೆ ಎಂದಲ್ಲ. ವಿಕಿರಣ ಮುಗಿದ ಮೊದಲ ಮೂರು ತಿಂಗಳಲ್ಲಿ ಹೀಗೆ ಹಿಗ್ಗಿ, ಚಿಕಿತ್ಸೆ ಬದಲಿಸದೆಯೇ ಕುಗ್ಗುವ ಮಚ್ಚೆಗಳೂ ಉಂಟು. ಇದು ಹುಸಿ ಬೆಳವಣಿಗೆ.

ಇಲ್ಲಿ ಪರ್ಫ್ಯೂಷನ್ ಎಂಆರ್‌ಐ ನೆರವಿಗೆ ಬರುತ್ತದೆ. ಬೆಳೆಯುವ ಗೆಡ್ಡೆ ಹೊಸ ರಕ್ತನಾಳಗಳನ್ನು ಹುಟ್ಟಿಸಿಕೊಳ್ಳುವುದರಿಂದ ಅಲ್ಲಿ ರಕ್ತದ ಪ್ರಮಾಣ ಹೆಚ್ಚು. ವಿಕಿರಣದಿಂದ ಸತ್ತ ಅಂಗಾಂಶದಲ್ಲಿ ಕಡಿಮೆ. ಸ್ಪೆಕ್ಟ್ರೋಸ್ಕೋಪಿ ಕೋಲೀನ್ ಅಳೆಯುತ್ತದೆ. ಕೋಶಪೊರೆ ಭರದಿಂದ ತಯಾರಾಗುವಲ್ಲಿ ಅದು ಏರುತ್ತದೆ. ಡಿಫ್ಯೂಷನ್ ಸ್ಕ್ಯಾನ್ ನೀರಿನ ಅಣುಗಳ ಓಡಾಟ ನೋಡುತ್ತದೆ. ಕೋಶಗಳು ಒತ್ತೊತ್ತಾಗಿದ್ದರೆ ಅವುಗಳಿಗೆ ದಾರಿ ಇಕ್ಕಟ್ಟು. (ಡಿಫ್ಯೂಷನ್ ಪಾಠ ಯಾಕೆ ಬೇಕು ಎಂದು ಕೇಳುವ ಗೆಳೆಯರ ಗಮನಕ್ಕೆ!) ಆದರೂ ಯಾವುದೊಂದೂ ಕೊನೆಯ ಮಾತಲ್ಲ. ಒಂದೇ ಮಚ್ಚೆಯಲ್ಲಿ ಎರಡೂ ಬೆರೆತಿರಬಹುದು. ಆಗ ಬಯಾಪ್ಸಿ ಬೇಕಾಗಬಹುದು.

ಹುಸಿಯನ್ನು ನಿಜವೆಂದುಕೊಂಡರೆ ಕೆಲಸ ಮಾಡುತ್ತಿರುವ ಔಷಧಿ ನಿಂತುಹೋಗುತ್ತದೆ, ಇಲ್ಲವೇ ತಲೆಬುರುಡೆ ಮತ್ತೆ ತೆರೆಯಬೇಕಾಗುತ್ತದೆ. ನಿಜವನ್ನು ಹುಸಿಯೆಂದು ಕಾದರೆ ರೋಗಿಗೆ ಉಳಿದಿರುವ ವಾರಗಳೇ ಕರಗುತ್ತವೆ. ಅದಕ್ಕೇ 2010ರ ರಾನೋ ಮಾನದಂಡ, ಮೊದಲ 12 ವಾರಗಳಲ್ಲಿ ವಿಕಿರಣ ಬಿದ್ದ ಜಾಗದ ಬಿಳುಪನ್ನಷ್ಟೇ ನೋಡಿ ರೋಗ ಬೆಳೆದಿದೆ ಎನ್ನಬಾರದು ಎಂದಿತು.

ಎಲ್ಲರಿಗೂ ಎಲ್ಲ ಸ್ಕ್ಯಾನ್ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಅದರ ಖರ್ಚು ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ಅನೇಕರ ಮನೆಯಲ್ಲಿ ಇಂಗ್ಲಿಷ್ ವರದಿ ಓದುವವರು ನಾವೇ. 'ಏನು ಬರೆದಿದ್ದಾರೆ ನೋಡು' ಎಂದು ಅಬ್ಬಾ, ಅಮ್ಮಿ ಅದನ್ನು ನಮ್ಮ ಕೈಗೇ ಕೊಡುತ್ತಾರೆ. 'ಬೆಳೆದಿದೆಯಂತೆ' ಎಂದು ಬಾಯಿಬಿಡುವ ಮುನ್ನ ವಿಕಿರಣ ಮುಗಿದು ಎಷ್ಟು ವಾರವಾಯಿತು ಎಂದು ಲೆಕ್ಕ ಹಾಕಿ, ಹುಸಿ ಬೆಳವಣಿಗೆ ಇರಬಹುದೇ ಎಂದು ವೈದ್ಯರನ್ನೇ ಕೇಳಿ. ಸ್ಕ್ಯಾನಿಗೆ ಹೋಗುವಾಗ ಹಳೆಯ ಸಿಡಿ, ವಿಕಿರಣದ ದಿನಾಂಕವಿರುವ ಕಾಗದ ಚೀಲದಲ್ಲಿರಲಿ. ಅವಿಲ್ಲದಿದ್ದರೆ ಎಂಥ ರೇಡಿಯಾಲಜಿಸ್ಟ್‌ಗೂ ಹೋಲಿಸಿ ನೋಡಲು ಏನೂ ಇರುವುದಿಲ್ಲ.