ಎದೆಯ ಭಯ, ಮೆದುಳಿನ ಮರೆವು
2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನದಿನವೂ ಸುದ್ದಿಯಾದಾಗ ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆ ಎಲ್ಲರ ಬಾಯಲ್ಲೂ ಇಸಿಜಿ ಮಾತೇ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನಜಂಗುಳಿ, ಸರ್ಕಾರದಿಂದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ. ಈ ಗದ್ದಲದಲ್ಲಿ ಪಾರ್ಶ್ವವಾಯುವನ್ನು ಕೇಳಿದವರು ಕಡಿಮೆ. ಅದರ ಬೇರು ಎಷ್ಟೋ ಸಲ ಹೃದಯದಲ್ಲೇ ಇರುತ್ತದೆ. ಹೃದಯದ ಮೇಲ್ಕೋಣೆ ಲಯ ತಪ್ಪಿ ಅದುರತೊಡಗಿದರೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಹೆಪ್ಪು ಮೆದುಳಿಗೆ ಹೋದರೆ ಕೈಕಾಲು ಬಿದ್ದುಹೋಗಬಹುದು. ಈ ಲಯಭಂಗ ಬಂದು ಹೋಗುವಂಥದ್ದು, ಹತ್ತು ಸೆಕೆಂಡಿನ ಇಸಿಜಿಗೆ ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ. ರಕ್ತ ಪರೀಕ್ಷೆ ಲಯಭಂಗವನ್ನು ಹಿಡಿಯದು, ಆದರೆ ಅಪಾಯ ಅಳೆಯಲು ನೆರವಾಗುತ್ತದೆ. ಒತ್ತಡಕ್ಕೆ ಹಿಗ್ಗಿದ ಹೃದಯದ ಗೋಡೆ ಎನ್‌ಟಿ-ಪ್ರೊಬಿಎನ್‌ಪಿ ಎಂಬ ಅಂಶವನ್ನು ರಕ್ತಕ್ಕೆ ಬಿಡುತ್ತದೆ, ಸ್ನಾಯು ನೊಂದರೆ ಟ್ರೋಪೊನಿನ್ ಸೋರುತ್ತದೆ. ಲಯ ತಪ್ಪಿದವರಲ್ಲಿ ಯಾರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು ಎಂದು ಅಳೆಯಲು ವಯಸ್ಸು, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬುದರ ಜೊತೆಗೆ ಈ ಎರಡನ್ನೂ ಸೇರಿಸಿದ ‘ಎಬಿಸಿ’ ಲೆಕ್ಕ 2016ರಲ್ಲೇ ಬಂದಿದೆ. ಹಾಗಂತ ಲ್ಯಾಬಿನವರು ಪ್ಯಾಕೇಜಿಗೆ ಸೇರಿಸಿದರೆಂದು ಎಲ್ಲರೂ ಈ ಪರೀಕ್ಷೆಗಳನ್ನು ಮಾಡಿಸಬೇಕಿಲ್ಲ (ಹೆದರಿದವರ ಜೇಬು ಬೇಗ ತೆರೆದುಕೊಳ್ಳುತ್ತದೆ). ಕಿಡ್ನಿ ಸೋತಿದ್ದರೂ, ವಯಸ್ಸಾದರೂ ಈ ಅಂಶಗಳ ಅಂಕಿ ಏರುತ್ತದೆ. ಒಂದು ಚೀಟಿ ನೋಡಿ ತೀರ್ಮಾನಿಸಲಾಗದು. ನನ್ನ ಆಕ್ಷೇಪ ಇಷ್ಟೇ: ಐನೂರು ತೆಂಗಿನಕಾಯಿ ಲೆಕ್ಕ ತಪ್ಪದೆ ಎಣಿಸುವ ಅರಸೀಕೆರೆಯ ವ್ಯಾಪಾರಿಗೆ ತನ್ನ ಬಿಪಿ ಎಷ್ಟೆಂದು ಗೊತ್ತಿರುವುದಿಲ್ಲ. ಪಾರ್ಶ್ವವಾಯುವಿಗೆ ದೊಡ್ಡ ಕಾರಣ ಇವತ್ತಿಗೂ ಏರಿದ ಬಿಪಿಯೇ. ಅದನ್ನು ನೋಡಲು ಮೈಸೂರಿಗೆ ಹೋಗಬೇಕಿಲ್ಲ, ಊರಿನ ಸರ್ಕಾರಿ ಆಸ್ಪತ್ರೆ ಸಾಕು. ನಾಡಿ ಹಿಡಿದಾಗ ಬಡಿತ ಅಡ್ಡಾದಿಡ್ಡಿ ಅನಿಸಿದರೆ ಆಮೇಲೆ ಇಸಿಜಿ, ವೈದ್ಯರು ಹೇಳಿದರೆ ರಕ್ತ ಪರೀಕ್ಷೆ.