ಹೆಬ್ಬೆಟ್ಟು ಒತ್ತಿಸಿದರೆ ಕಾನೂನು ಮುಗಿಯಿತೇ?



ಈಚೆಗೆ ತೋಟದ ಮಾಲೀಕರೊಬ್ಬರು ನಮ್ಮಲ್ಲಿಗೆ ಬಂದು, "ಉಪದೇಶಿಗಳೇ, ನೀವು ಯೂನಿಯನಿನಲ್ಲೂ ಇದ್ದೀರಿ. ಕಾನೂನಿನ ತೊಂದರೆ ಬಾರದ ಹಾಗೆ ನಾವು ಏನೇನು ಮಾಡಬೇಕೆಂದು ಒಂದು ಕಾಗದದಲ್ಲಿ ಬರೆದುಕೊಡಿ" ಎಂದು ಕೇಳಿದರು. ಕೇಳಿದ್ದು ಒಳ್ಳೆಯದೇ. ಆದರೆ ಮಾತು ಮುಂದುವರಿದಂತೆ ತಿಳಿದದ್ದೇನೆಂದರೆ, ಅವರಿಗೆ ಬೇಕಾಗಿದ್ದುದು ಇನ್ಸ್‌ಪೆಕ್ಟರು ಬಂದಾಗ ತೋರಿಸಲು ನಾಲ್ಕು ರಿಜಿಸ್ಟರು ಮಾತ್ರ. "ಮದ್ದು ಬಿಡುವವರಿಗೆ ಗ್ಲೌಸು ಕೊಟ್ಟಿದ್ದೇವೆ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಕಲ್ಲವೇ?" ಎಂದರು. ಸಾಲದು ಎಂದೆವು. ಅದನ್ನೇ ಇಲ್ಲಿ ಎಲ್ಲ ಧಣಿಗಳಿಗೂ ಕೇಳುವಂತೆ ಬರೆಯುತ್ತೇವೆ.

ಕಾಸರಗೋಡಿನಲ್ಲಿ ಇದ್ದುಕೊಂಡು ಈ ಪ್ರಶ್ನೆ ಕೇಳುವುದೇ ಆಶ್ಚರ್ಯ. ಇಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಗಿಲು. 1970ರ ದಶಕದ ಕೊನೆಯಿಂದ 2000ದ ತನಕ ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಧಣಿ ಯಾರು? ಸರಕಾರದ್ದೇ ಕಂಪೆನಿ. ಆ ವಿಷಕ್ಕೆ ಆಗ ಕಾನೂನಿನ ಒಪ್ಪಿಗೆಯೂ ಇತ್ತು. ಆಫೀಸು, ಗುಮಾಸ್ತರು, ಕಡತ, ಯಾವುದಕ್ಕೆ ಕೊರತೆ? ಆದರೂ ಎಣ್ಮಕಜೆಯ ಪಡ್ರೆಯಲ್ಲಿ ಗುಡ್ಡದ ಮೇಲೆ ಬಿದ್ದದ್ದು ಕೆಳಗಿನ ತೋಡಿಗೂ ನಾವು ಕುಡಿಯುವ ನೀರಿಗೂ ಇಳಿಯಿತು. ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರರು, ಒಂದೇ ಊರಿನಲ್ಲಿ ಇಷ್ಟೊಂದು ಕಾಯಿಲೆ ಏಕೆಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮನವರು, ತಾವೇ ಕೃಷಿ ಇಲಾಖೆಯ ನೌಕರರಾಗಿದ್ದೂ, 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನ ಮೆಟ್ಟಿಲು ಹತ್ತಿದರು.

ಸುಪ್ರೀಂ ಕೋರ್ಟು 2011ರ ಮೇ 13ರಂದು ಆ ವಿಷವನ್ನು ದೇಶದಲ್ಲೇ ತಡೆಯಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಆಜ್ಞೆ ಮಾಡಿತು. 2022ರ ಮೇ ತಿಂಗಳಲ್ಲಿ ಮತ್ತೆ ವಿಚಾರಿಸಿದಾಗ, 3,700ಕ್ಕೂ ಹೆಚ್ಚು ಮಂದಿಯ ಪೈಕಿ ಹಣ ಸಿಕ್ಕಿದ್ದುದು ಕೋರ್ಟಿಗೆ ಹೋದ ಎಂಟೇ ಮಂದಿಗೆ! ಉಳಿದವರಿಗೆ ಹಂಚಿದ್ದು ಆಮೇಲೆ. ಹಾಸಿಗೆ ಹಿಡಿದ ಮಗುವನ್ನು ಹೊತ್ತ ತಾಯಿಗೆ ಈ ಐದು ವರ್ಷ ಹೇಗೆ ಕಳೆದಿರಬಹುದು?

ಇನ್ನು ಕಾನೂನಿನ ವಿಷಯ. 1951ರ ಪ್ಲಾಂಟೇಶನ್ ಲೇಬರ್ ಆಕ್ಟಿಗೆ ವಿಷ ಮದ್ದಿನ ಬಗ್ಗೆ ಪ್ರತ್ಯೇಕ ಕಲಮು ಸೇರಿದ್ದು 2010ರಲ್ಲಿ, ಹೆಲಿಕಾಪ್ಟರು ನಿಂತು ಹತ್ತು ವರ್ಷವಾದ ಮೇಲೆ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಲೇಬರ್ ಕೋಡುಗಳನ್ನು ಜಾರಿಗೆ ತಂದು ಆ ಆಕ್ಟನ್ನು ತೆಗೆದುಹಾಕಿತು. ಯೂನಿಯನುಗಳು ಈ ಕೋಡುಗಳನ್ನು ವಿರೋಧಿಸಿವೆ. ಆ ಜಗಳ ಬೇರೆ. ಆದರೆ ವಿಷ ಮದ್ದಿನ ಕಲಮು ಹೊಸ ಸುರಕ್ಷತಾ ಕೋಡಿನಲ್ಲೂ ಉಳಿದಿದೆ. ಮದ್ದು ಮುಟ್ಟುವ ಕೆಲಸಗಾರನಿಗೆ ಅದರ ಅಪಾಯವನ್ನು ಹೇಳಿಕೊಡಬೇಕು. ತಿಳಿದವರೊಬ್ಬರು ಮೇಲ್ವಿಚಾರಣೆಗೆ ಇರಬೇಕು. ಮೈಗೆ ರಕ್ಷಣೆಯ ಉಡುಪು, ಕೈಕಾಲು ತೊಳೆದು ಸ್ನಾನ ಮಾಡಿ ಬಟ್ಟೆ ಬದಲಿಸಲು ಜಾಗ ಕೊಡಬೇಕು. (ಆ ಜಾಗ ಇಲ್ಲದ ಕಡೆ ಮದ್ದಿನ ಅಂಗಿ ಲೈನಿಗೆ ಬರುತ್ತದೆ, ಮಕ್ಕಳ ಬಟ್ಟೆಯ ಜೊತೆಗೆ ಅದನ್ನು ಒಗೆಯುವವಳು ಹೆಂಡತಿ.) ಆಗಾಗ ಡಾಕ್ಟರರ ಪರೀಕ್ಷೆ ಮಾಡಿಸಿ, ಒಬ್ಬೊಬ್ಬರ ಆರೋಗ್ಯದ ದಾಖಲೆ ಇಡಬೇಕು. ಆ ದಾಖಲೆಯನ್ನು ನೋಡುವ ಹಕ್ಕು ಕೆಲಸಗಾರನಿಗಿದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಕೇಳಿದ್ದೇವೆ?

"ಆ ಜನ ನಮ್ಮವರಲ್ಲ, ಗುತ್ತಿಗೆಯವನು ಜೀಪಿನಲ್ಲಿ ತಂದವರು" ಎಂಬುದು ಧಣಿಗಳ ಹಳೆಯ ಪಲ್ಲವಿ. ಎರಡು ದಿನ ಬಂದು ಮದ್ದು ಬಿಟ್ಟು ಹೋಗುವವನ ಹೆಸರು ಧಣಿಯ ಪುಸ್ತಕದಲ್ಲಿಲ್ಲ, ಮೇಸ್ತ್ರಿಯ ಪುಸ್ತಕದಲ್ಲೂ ಇಲ್ಲ. ಹೆಸರೇ ಇಲ್ಲದವನಿಗೆ ಯಾವ ಆರೋಗ್ಯ ದಾಖಲೆ? ಹತ್ತು ವರ್ಷದ ಮೇಲೆ ಅವನ ಕೈ ನಡುಗಿದರೆ ಯಾರ ಹತ್ತಿರ ಹೋಗಬೇಕು? ಪ್ರತಿ ಕೆಲಸಗಾರನಿಗೂ ನೇಮಕದ ಪತ್ರ ಕೊಡಬೇಕೆಂದು ಅದೇ ಕೋಡು ಹೇಳುತ್ತದೆ.

"ನಮ್ಮದು ಸಣ್ಣ ತೋಟ, ಐದು ಹೆಕ್ಟೇರು ಆಗುವುದಿಲ್ಲ" ಎನ್ನುವವರೂ ಇದ್ದಾರೆ. ಕ್ಯಾನಿನ ಮೇಲಿನ ಬಣ್ಣಕ್ಕೆ ಹೆಕ್ಟೇರಿನ ಲೆಕ್ಕವಿಲ್ಲ. 1968ರ ಕೀಟನಾಶಕ ಕಾನೂನಿನ ನಿಯಮದಂತೆ ಅದರಲ್ಲಿ ಬಣ್ಣದ ಗುರುತಿರುತ್ತದೆ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಓದು ಬಾರದವನಿಗೂ ತಿಳಿಯಲೆಂದು ಮಾಡಿದ ಏರ್ಪಾಡು ಇದು. ಅದನ್ನು ಸ್ಟೋರಿನಲ್ಲೇ ಬೇರೆ ಕ್ಯಾನಿಗೆ ಸುರಿದು ತೋಟಕ್ಕೆ ಕಳುಹಿಸುವುದೇಕೆ? ನಾವೂ ಇದನ್ನು "ಮದ್ದು" ಎಂದೇ ಕರೆಯುತ್ತೇವೆ. ಜ್ವರಕ್ಕೆ ಕುಡಿಯುವುದಕ್ಕೂ ಅದೇ ಹೆಸರು, ಇದಕ್ಕೂ ಅದೇ ಹೆಸರು!

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕೆಂಬ ಆಜ್ಞೆಯಿದೆ. ಬಿದ್ದವನಿಗೆ ಎಷ್ಟು ಪರಿಹಾರವೆಂದು ಅಲ್ಲಿ ಹೇಳಿಲ್ಲ. ಯಾರೂ ಬೀಳದ ಹಾಗೆ ಮೊದಲೇ ಕಟ್ಟು ಎಂದಿದೆ.

ಸಹೋದರರೇ, ಕೊಡದ ಗ್ಲೌಸಿಗೆ ಹೆಬ್ಬೆಟ್ಟು ಒತ್ತಬೇಡಿರಿ. ಬಣ್ಣದ ಗುರುತು ನೋಡದೆ ಪಂಪು ಹೆಗಲಿಗೆ ಹಾಕಬೇಡಿರಿ. ಆ ಮಾಲೀಕರಿಗೆ ನಾವು ಇದನ್ನೆಲ್ಲ ಬರೆದೇ ಕೊಟ್ಟಿದ್ದೇವೆ. ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಹೋದರು. ಅವರ ತೋಟದಲ್ಲಿ ಮದ್ದು ಬಿಡುವ ದಿನ ನಾವು ಹೋಗುತ್ತೇವೆ. ರಿಜಿಸ್ಟರು ಆಮೇಲೆ, ನೀರು ಮತ್ತು ಸಾಬೂನು ಎಲ್ಲಿಟ್ಟಿದ್ದಾರೆಂದು ಮೊದಲು ನೋಡುತ್ತೇವೆ.